ಇಕ್ಕೇರಿಗೆ ಬಂದವರ ಹಡಗು ಯಾವುದು? ಹಳೆಯ ಇಂಗ್ಲಿಷ್ ಹಾಯಿಹಡಗೊಂದರ ಚರಿತ್ರೆಯನ್ನು ಬರೆಯುವ ಕ್ರಮ

ಸಾಗರದಿಂದ ಇಕ್ಕೇರಿಗೆ ಹೋಗಿ ಅಘೋರೇಶ್ವರ ದೇವಾಲಯದ ಅಂಗಳದಲ್ಲಿ ನಿಂತವರಿಗೆ ಸಮುದ್ರದ ನೆನಪಾಗುವುದು ಅಪರೂಪ. ಆದರೆ 1637ರಲ್ಲಿ ಭಟ್ಕಳದ ಎದುರಿನ ಕಡಲಿನಲ್ಲಿ ಲಂಗರು ಹಾಕಿದ್ದ ಇಂಗ್ಲಿಷ್ ಹಡಗುಗಳಿಂದ ಇಳಿದ ಕೆಲವರು ಘಟ್ಟ ಹತ್ತಿ ಇದೇ ಊರಿಗೆ ಬಂದು, ಕೆಳದಿಯ ವೀರಭದ್ರನಾಯಕನನ್ನು ಕಂಡು, ಕಾಳುಮೆಣಸಿನ ವ್ಯಾಪಾರಕ್ಕೆ ಅನುಮತಿ ಕೇಳಿದ್ದರು. ಅವರ ಜೊತೆಗಿದ್ದ ಪೀಟರ್ ಮಂಡಿ ಎಂಬ ವರ್ತಕ ತಾನು ಕಂಡದ್ದನ್ನು ಬರೆದಿಟ್ಟಿದ್ದರಿಂದ ಈ ಸಂಗತಿ ನಮಗೆ ತಿಳಿದಿದೆ. ಆ ಹಡಗುಗಳ ಗುಂಪಿನಲ್ಲಿ ಮುಖ್ಯವಾದುದರ ಹೆಸರು ಡ್ರ್ಯಾಗನ್. ಕೆಲವು ವರ್ಷಗಳ ಹಿಂದೆ ಶಿವಮೊಗ್ಗದ ಒಂದು ಸ್ಮರಣ ಸಂಚಿಕೆಗೆ ಬರೆದ ಲೇಖನದಲ್ಲಿ ನಾನು, ಈಸ್ಟ್ ಇಂಡಿಯಾ ಕಂಪನಿಯ ಮೊಟ್ಟಮೊದಲ ಯಾನವನ್ನು ಮುನ್ನಡೆಸಿದ ರೆಡ್ ಡ್ರ್ಯಾಗನ್ ಹಡಗೇ ಭಟ್ಕಳಕ್ಕೂ ಬಂದಿತ್ತೆಂದು ಬಹಳ ಹೆಮ್ಮೆಯಿಂದ ಹೇಳಿದ್ದೆ. ಅದನ್ನು ಓದಿದ ನಿವೃತ್ತ ಮೇಷ್ಟರೊಬ್ಬರು, "ಆ ಹಡಗು ಅದಕ್ಕಿಂತ ಹದಿನೆಂಟು ವರ್ಷ ಮೊದಲೇ ಹೋಯ್ತಲ್ಲ ಮಾರಾಯ್ರೇ, ಮತ್ತೆ ಭಟ್ಕಳಕ್ಕೆ ಹೇಗೆ ಬಂತು?" ಎಂದು ಕೇಳಿದಾಗ ಉತ್ತರವಿರಲಿಲ್ಲ. ಹೆಸರೊಂದನ್ನೇ ನಂಬಿ ಎರಡು ಹಡಗುಗಳನ್ನು ಒಂದು ಮಾಡಿದ್ದೆ. ಅಂಥ ತಪ್ಪು ಆಗದಂತೆ ಒಂದು ಹಡಗಿನ ಚರಿತ್ರೆಯನ್ನು ಹೇಗೆ ಕಟ್ಟಬೇಕೆಂಬುದನ್ನು, ಆ ಎರಡು ಡ್ರ್ಯಾಗನ್‌ಗಳನ್ನೇ ಉದಾಹರಣೆಯಾಗಿಟ್ಟುಕೊಂಡು, ಮಲೆನಾಡಿನಲ್ಲಿ ಕುಳಿತು ಈ ಕೆಲಸಕ್ಕೆ ಕೈಹಾಕುವವರಿಗಾಗಿ ಇಲ್ಲಿ ವಿವರಿಸುತ್ತೇನೆ.

ಮೊದಲು ಮಾಡಬೇಕಾದ ಕೆಲಸ ಹಡಗಿನ ಗುರುತನ್ನು ಖಚಿತಪಡಿಸಿಕೊಳ್ಳುವುದು. ನಮ್ಮ ಊರುಗಳಲ್ಲಿ ಒಂದೇ ಮನೆತನದಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವಂತೆ, ಇಂಗ್ಲಿಷರೂ ಒಂದು ಹಡಗು ಹೋದರೆ ಅದರ ಹೆಸರನ್ನು ಮತ್ತೊಂದಕ್ಕೆ ಇಡುತ್ತಿದ್ದರು. ಬೇರೆ ಬೇರೆ ಒಡೆಯರ ಹಡಗುಗಳಿಗೆ ಏಕಕಾಲದಲ್ಲಿ ಒಂದೇ ಹೆಸರು ಇರುತ್ತಿದ್ದುದೂ ಉಂಟು. ಆದ್ದರಿಂದ ಹೆಸರನ್ನು ಬದಿಗಿಟ್ಟು, ಹಡಗಿನ ಒಡೆಯರು ಯಾರು, ಅದು ಹೊರುತ್ತಿದ್ದ ಭಾರವೆಷ್ಟು, ಕಪ್ತಾನ ಯಾರು, ಯಾವ ತಾಣದಿಂದ ಯಾವಾಗ ಹೊರಟಿತು, ಕೊನೆಗೆ ಏನಾಯಿತು ಎಂಬ ಐದು ಸಂಗತಿಗಳನ್ನು ಒಂದು ರಟ್ಟಿನ ಚೀಟಿಯಲ್ಲಿ ಬರೆದುಕೊಳ್ಳಬೇಕು. ಹಡಗಿಗೊಂದು ಚೀಟಿ ಸಾಲದು. ಪ್ರತಿ ಯಾನಕ್ಕೂ ಒಂದೊಂದು ಚೀಟಿ ಬೇಕು. ಎರಡು ಚೀಟಿಗಳ ನಡುವೆ ಈ ಐದರಲ್ಲಿ ಮೂರಾದರೂ ಹೊಂದಿಕೆಯಾಗದಿದ್ದರೆ ಅವು ಒಂದೇ ಹಡಗಿನವೆಂದು ಬರೆಯುವ ಧೈರ್ಯ ಮಾಡಬಾರದು.

ರೆಡ್ ಡ್ರ್ಯಾಗನ್‌ನ ಮೊದಲ ಚೀಟಿಯಲ್ಲಿ ಆ ಹೆಸರೇ ಇರುವುದಿಲ್ಲ. ಕಂಬರ್‌ಲೆಂಡಿನ ಅರ್ಲ್ ಎಂಬ ಶ್ರೀಮಂತ ಸ್ಪೇನಿನವರ ಹಡಗುಗಳನ್ನು ದೋಚುವುದಕ್ಕಾಗಿ ಥೇಮ್ಸ್ ನದಿಯ ದಡದ ಡೆಪ್ಟ್‌ಫರ್ಡಿನಲ್ಲಿ ಕಟ್ಟಿಸಿ 1595ರಲ್ಲಿ ನೀರಿಗಿಳಿಸಿದ ಹಡಗು ಅದು. ಆಗ ಅದರ ಹೆಸರು ಸ್ಕರ್ಜ್ ಆಫ್ ಮ್ಯಾಲಿಸ್; ಹಗೆತನಕ್ಕೆ ಚಾಟಿಯೇಟು ಎಂಬಂಥ ಅರ್ಥದ ಹೆಸರು. 1598ರಲ್ಲಿ ಅರ್ಲ್ ಇದೇ ಹಡಗಿನಲ್ಲಿ ಹೋಗಿ ಅಟ್ಲಾಂಟಿಕ್‌ನ ಆಚೆಯ ಪೋರ್ಟೊ ರಿಕೊದಲ್ಲಿ ಸ್ಯಾನ್ ಹುವಾನ್ ಪಟ್ಟಣವನ್ನು ಹಿಡಿದ. ಎರಡು ವರ್ಷಗಳ ತರುವಾಯ ಪೂರ್ವದ ವ್ಯಾಪಾರಕ್ಕೆ ಹೊರಡಲು ಸಿದ್ಧರಾಗುತ್ತಿದ್ದ ಲಂಡನ್ ವರ್ತಕರು ಅದನ್ನು 3,700 ಪೌಂಡ್‌ಗೆ ಕೊಂಡು ಹೆಸರು ಬದಲಿಸಿದರು. ಕಂಪನಿಯ ಕಾಗದಗಳಲ್ಲಿ ಬಹುತೇಕ ಕಡೆ 'ರೆಡ್' ಎಂಬ ಮಾತು ಬಿಟ್ಟುಹೋಗಿ ಬರೀ ಡ್ರ್ಯಾಗನ್ ಎಂದಿರುವುದೇ ನನ್ನಂಥವರು ಎಡವುವುದಕ್ಕೆ ಕಾರಣ. ಹಡಗು ಕೈಬದಲಾದ ಕಡೆಯಲ್ಲೆಲ್ಲ ಹೆಸರೂ ಬದಲಾಗಿರಬಹುದೆಂದು ಎಣಿಸಿ ಹಿಂದಕ್ಕೆ ಹುಡುಕುವುದು ವಾಡಿಕೆಯಾಗಬೇಕು, ಏಕೆಂದರೆ ಹೆಸರು ಬದಲಾದ ಹಡಗಿಗೆ ಪೂರ್ವಾಶ್ರಮವೊಂದು ಇದ್ದೇ ಇರುತ್ತದೆ.

ಭಾರದ ಲೆಕ್ಕದಲ್ಲಿ ಸ್ವಲ್ಪ ತಾಳ್ಮೆ ಬೇಕು. ಆ ಕಾಲದ ಇಂಗ್ಲಿಷ್ ಕಾಗದಗಳಲ್ಲಿ ಹಡಗೊಂದು 600 ಟನ್ನಿನದು ಎಂದಿದ್ದರೆ ಅದು ಹಡಗಿನ ಸ್ವಂತ ತೂಕವಲ್ಲ. ದ್ರಾಕ್ಷಾರಸ ತುಂಬುವ ದೊಡ್ಡ ಮರದ ಪೀಪಾಯಿಗಳನ್ನು ಅದು ಎಷ್ಟು ಹೊರಬಲ್ಲದು ಎಂಬ ಅಂದಾಜು. ಟನ್ ಎಂಬ ಮಾತು ಹುಟ್ಟಿದ್ದೇ ಆ ಪೀಪಾಯಿಯ ಹೆಸರಿನಿಂದ. ಅಂದಾಜು ಮಾಡಿದವರು ಬದಲಾದರೆ ಅಂಕಿಯೂ ಬದಲಾಗುತ್ತದೆ. ರೆಡ್ ಡ್ರ್ಯಾಗನ್‌ಗೆ 600 ಎಂದು ಬರೆದವರೂ ಇದ್ದಾರೆ, 900 ಎಂದವರೂ ಇದ್ದಾರೆ. ಮಲೆನಾಡಿನಲ್ಲಿ ಭತ್ತ ಅಳೆಯುವ ಕೊಳಗ ಊರಿನಿಂದೂರಿಗೆ ಹೇಗೆ ಬೇರೆಯಾಗಿತ್ತೆಂಬುದನ್ನು ಹಿರಿಯರಿಂದ ಕೇಳಿದವರಿಗೆ ಇದು ವಿಚಿತ್ರವೆನಿಸಲಾರದು. ಒಂದು ಹಡಗಿನ ಭಾರವನ್ನು ಒಂಟಿಯಾಗಿ ನೋಡದೆ, ಅದೇ ಕಾಗದದಲ್ಲಿ ಅದರ ಜೊತೆಯ ಹಡಗುಗಳಿಗೆ ಕೊಟ್ಟಿರುವ ಅಂಕಿಗಳೊಂದಿಗೆ ಇಟ್ಟು ನೋಡಬೇಕು. ಮೊದಲ ಯಾನದ ವರದಿಯಲ್ಲಿ ಡ್ರ್ಯಾಗನ್ 600, ಹೆಕ್ಟರ್ 300, ಅಸೆನ್ಷನ್ 260, ಸೂಸನ್ 240 ಟನ್. ಅದೇ ಕ್ರಮದಲ್ಲಿ ಜನ 202, 108, 82, 88. ಈ ಸಾಲನ್ನು ಓದಿದರೆ, ನಿಖರವಾದ ಟನ್ ಎಷ್ಟೆಂಬುದು ಹಾಗಿರಲಿ, ಡ್ರ್ಯಾಗನ್ ಉಳಿದವುಗಳಿಗಿಂತ ಇಮ್ಮಡಿಯಷ್ಟು ದೊಡ್ಡದಿತ್ತೆಂಬುದು ಸ್ಪಷ್ಟವಾಗುತ್ತದೆ, ಬರೆಯುವವನಿಗೆ ಬೇಕಾದ್ದೂ ಅದೇ.

ತಾರೀಖಿನ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ, ಏಕೆಂದರೆ ಹೊಸಬರು ಮಾಡುವ ತಪ್ಪುಗಳಲ್ಲಿ ಬಹುಪಾಲು ಇಲ್ಲಿಯವು. ಇಂಗ್ಲಿಷರು 1752ರವರೆಗೆ ಹಳೆಯ ಜೂಲಿಯನ್ ಪಂಚಾಂಗವನ್ನೇ ಅನುಸರಿಸುತ್ತಿದ್ದರು. ಪೋರ್ಚುಗೀಸರು 1582ರಲ್ಲೇ ಹೊಸ ಗ್ರೆಗೋರಿಯನ್ ಪಂಚಾಂಗಕ್ಕೆ ಬದಲಾಗಿದ್ದರು. ಹದಿನೇಳನೆಯ ಶತಮಾನದಲ್ಲಿ ಇವೆರಡರ ನಡುವೆ ಹತ್ತು ದಿನಗಳ ಅಂತರ. ಹೀಗಾಗಿ ಸೂರತ್ತಿನ ಬಳಿಯ ಸ್ವಾಲಿಯಲ್ಲಿ 1612ರಲ್ಲಿ ನಡೆದ ಕಾಳಗ ಇಂಗ್ಲಿಷರ ದಿನಚರಿಯಲ್ಲಿ ನವೆಂಬರ್ ಕೊನೆಯದಾದರೆ ಪೋರ್ಚುಗೀಸರ ಲೆಕ್ಕದಲ್ಲಿ ಡಿಸೆಂಬರಿನದು. ಎರಡು ಕಾಳಗಗಳೆಂದು ಬರೆದುಬಿಡುವ ಅಪಾಯವಿದೆ. ಇದಕ್ಕಿಂತ ಹೆಚ್ಚು ಗೊಂದಲ ತರುವುದು ವರ್ಷದ ಆರಂಭ. ಆ ಕಾಲದ ಇಂಗ್ಲಿಷ್ ಕಾಗದಪತ್ರಗಳಲ್ಲಿ ಹೊಸ ವರ್ಷ ಹುಟ್ಟುತ್ತಿದ್ದುದು ಜನವರಿ 1ಕ್ಕೆ ಅಲ್ಲ, ಮಾರ್ಚ್ 25ಕ್ಕೆ. ಯುಗಾದಿಯ ಆಸುಪಾಸಿನಲ್ಲಿ ವರ್ಷ ಬದಲಾಗುವುದು ನಮಗೆ ಹೊಸದೇನಲ್ಲ; ಶಕವರ್ಷವನ್ನು ಕ್ರಿಸ್ತಶಕಕ್ಕೆ ಹೊಂದಿಸುವಾಗ 78 ಕೂಡಿಸಿ, ಚೈತ್ರದ ಹಿಂದಿನ ತಿಂಗಳುಗಳಿಗೆ ಇನ್ನೊಂದು ಸೇರಿಸುವಂತೆಯೇ ಇಲ್ಲಿಯೂ ಜನವರಿಯಿಂದ ಮಾರ್ಚ್ 24ರವರೆಗಿನ ದಿನಗಳಿಗೆ ಒಂದು ವರ್ಷ ಕೂಡಿಸಬೇಕು. ಕಂಪನಿಯ ಆ ಮೊದಲ ಯಾನದ ಮುಖ್ಯಸ್ಥ ಜೇಮ್ಸ್ ಲ್ಯಾಂಕಾಸ್ಟರ್ ರೆಡ್ ಡ್ರ್ಯಾಗನ್‌ನೊಂದಿಗೆ ವುಲಿಚ್‌ನಿಂದ ಹೊರಟದ್ದು ಆ ಲೆಕ್ಕದಲ್ಲಿ 1600ರ ಫೆಬ್ರವರಿ 13. ನಾವು ಬರೆಯಬೇಕಾದ್ದು 1601. ಕಂಪನಿಗೆ ರಾಣಿ ಎಲಿಜಬೆತ್ ಸನ್ನದು ಕೊಟ್ಟದ್ದು 1600ರ ಡಿಸೆಂಬರ್ 31ರಂದು. ಸನ್ನದಿಗೂ ಪ್ರಯಾಣಕ್ಕೂ ನಡುವೆ ಆರೇ ವಾರಗಳಿದ್ದವೆಂಬುದು ಈ ಲೆಕ್ಕ ತಿಳಿದಾಗ ಮಾತ್ರ ಕಾಣುತ್ತದೆ. ತಿಳಿಯದವರಿಗೆ ಸನ್ನದು ಸಿಗುವ ಮೊದಲೇ ಹಡಗು ಹೊರಟಂತೆ ತೋರುತ್ತದೆ.

ಗುರುತು ಮತ್ತು ಕಾಲ ಗಟ್ಟಿಯಾದ ಮೇಲೆ ದಾಖಲೆಗಳಿಗೆ ಹೋಗಬೇಕು. ಹಡಗಿನಲ್ಲೇ ಬರೆದ ದಿನಚರಿ, ಕರಾವಳಿಯ ಕೋಠಿಗಳಿಂದ ವರ್ತಕರು ಬರೆದ ಪತ್ರಗಳು, ಲಂಡನ್ನಿನ ಕಂಪನಿ ಸಭೆಯ ನಡವಳಿಗಳು ಎಂದು ಇವು ಮೂರು ಬಗೆ. ಕಂಪನಿಯ ಮೂಲ ಕಾಗದಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿ ಅನೇಕವು ನೂರು ವರ್ಷಗಳ ಹಿಂದೆಯೇ ಅಚ್ಚಾಗಿದ್ದು, ಆ ಹಳೆಯ ಸಂಪುಟಗಳ ಪ್ರತಿಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಓದಬಹುದು. ದಿನಚರಿಯಲ್ಲಿ ಗಾಳಿ, ಆಳ, ಸತ್ತವರ ಹೆಸರು ಇರುತ್ತವೆ, ಪತ್ರಗಳಲ್ಲಿ ಬೆಲೆ ಮತ್ತು ದೂರು, ನಡವಳಿಗಳಲ್ಲಿ ಹಣ. ಮೊದಲ ಯಾನಕ್ಕೆ ವರ್ತಕರು ಕೂಡಿಸಿದ 68,373 ಪೌಂಡ್‌ಗಳಲ್ಲಿ 39,771 ಪೌಂಡ್ ಹಡಗುಗಳಿಗೇ ಹೋಯಿತು, ಮಾರಲು ಒಯ್ದ ಸರಕಿನ ಬೆಲೆ 6,860 ಪೌಂಡ್ ಮಾತ್ರ ಎಂಬಂಥ ಸಂಗತಿ ದೊರೆಯುವುದು ಹಣದ ಕಾಗದಗಳಲ್ಲಿ. ಇಂಗ್ಲಿಷರ ಬಳಿ ಪೂರ್ವದವರು ಕೊಳ್ಳುವಂಥ ವಸ್ತುಗಳೇ ಹೆಚ್ಚಿರಲಿಲ್ಲ, ಬೆಳ್ಳಿಯನ್ನು ಹೊತ್ತು ಬರಬೇಕಾಗಿತ್ತು ಎಂಬುದನ್ನು ಈ ಎರಡು ಅಂಕಿಗಳು ಯಾವ ವ್ಯಾಖ್ಯಾನವೂ ಇಲ್ಲದೆ ಹೇಳುತ್ತವೆ.

ದಿನಚರಿಯನ್ನು ಓದುವಾಗ ಸಾಹಸದ ಭಾಗಗಳು ಮನಸ್ಸನ್ನು ಸೆಳೆಯುತ್ತವೆ, ಸೆಳೆಯಲಿ. ಲ್ಯಾಂಕಾಸ್ಟರ್ ತನ್ನ ಹಡಗಿನವರಿಗೆ ಪ್ರತಿದಿನ ಬೆಳಿಗ್ಗೆ ಮೂರು ಚಮಚ ನಿಂಬೆರಸ ಕುಡಿಸಿದ. ಉಳಿದ ಮೂರು ಹಡಗುಗಳ ಜನ ಸ್ಕರ್ವಿ ರೋಗದಿಂದ ಹಾಯಿ ಎಳೆಯಲಾರದಷ್ಟು ಕುಗ್ಗಿದಾಗ ಡ್ರ್ಯಾಗನ್‌ನ ಜನ ಹೋಗಿ ಅವುಗಳಿಗೆ ಲಂಗರು ಹಾಕಿಕೊಟ್ಟರು. 1603ರಲ್ಲಿ ಮರಳುವಾಗ ಆಫ್ರಿಕದ ದಕ್ಷಿಣದ ತುದಿಯ ಕಡಲಿನಲ್ಲಿ ಬಿರುಗಾಳಿಗೆ ಡ್ರ್ಯಾಗನ್‌ನ ಚುಕ್ಕಾಣಿಯೇ ಕಿತ್ತುಹೋಯಿತು. ಹಿಂಭಾಗದ ಹಾಯಿಕಂಬವನ್ನು ಇಳಿಸಿ ಅದರಿಂದ ಚುಕ್ಕಾಣಿ ಮಾಡಲು ಬಡಗಿಗಳು ಹೆಣಗಿದರು. ತನ್ನನ್ನು ಬಿಟ್ಟು ಊರಿಗೆ ಹೋಗುವಂತೆ ಲ್ಯಾಂಕಾಸ್ಟರ್ ರಾತ್ರಿ ಪತ್ರ ಬರೆದು ಹೆಕ್ಟರ್ ಹಡಗಿಗೆ ಕಳುಹಿಸಿದ. ಬೆಳಗಾದಾಗ ಹೆಕ್ಟರ್ ಎರಡು ಮೂರು ಹರದಾರಿ ದೂರದಲ್ಲಿ ಇನ್ನೂ ಕಾಣಿಸುತ್ತಿತ್ತು, ಅದರ ಮುಖ್ಯಸ್ಥ ಆಜ್ಞೆಯನ್ನು ಮೀರಿ ನಿಂತಿದ್ದ. ಇಂಥ ಪುಟಗಳನ್ನು ಪೂರ್ತಿಯಾಗಿ ಬರೆದುಕೊಳ್ಳಬೇಕು. ಆದರೆ ಈ ಯಾನವನ್ನು ಮಲೆನಾಡಿಗೆ ಜೋಡಿಸಲು ಹೋಗಬಾರದು. ನಾಲ್ಕು ಹಡಗುಗಳು ಒಯ್ದ ಸುಮಾರು 10,30,000 ಪೌಂಡ್ ಮೆಣಸು, ಎಂದರೆ ನಮ್ಮ ಮಂಡಿಯ ಲೆಕ್ಕದಲ್ಲಿ 4,670 ಕ್ವಿಂಟಾಲಿನಷ್ಟು, ಸುಮಾತ್ರ ಮತ್ತು ಜಾವಾದ ಕಡೆಯದು. ಭಾರತದ ತೀರವನ್ನು ಆ ಯಾನ ಮುಟ್ಟಲೇ ಇಲ್ಲ. ಕಂಪನಿಯ ಹಡಗು ಮೊದಲು ಸೂರತ್ತಿಗೆ ಬಂದದ್ದು 1608ರ ಆಗಸ್ಟಿನಲ್ಲಿ, ಅದೂ ಡ್ರ್ಯಾಗನ್ ಅಲ್ಲ, ವಿಲಿಯಂ ಹಾಕಿನ್ಸ್ ಕಪ್ತಾನನಾಗಿದ್ದ ಹೆಕ್ಟರ್.

ಕೇಳಲು ಚೆಂದವಾಗಿರುವ ಸಂಗತಿಗಳನ್ನು ಎರಡು ಸಲ ಪರೀಕ್ಷಿಸಬೇಕು. 1607ರಲ್ಲಿ ವಿಲಿಯಂ ಕೀಲಿಂಗ್‌ನ ಮುಂದಾಳತನದ ಮೂರನೆಯ ಯಾನದಲ್ಲಿ, ಆಫ್ರಿಕದ ಸಿಯೆರಾ ಲಿಯೋನ್ ತೀರದಲ್ಲಿ ನಿಂತಿದ್ದ ರೆಡ್ ಡ್ರ್ಯಾಗನ್‌ನ ಮೇಲೆ ನಾವಿಕರು ಹ್ಯಾಮ್ಲೆಟ್ ನಾಟಕವಾಡಿದರೆಂಬ ಮಾತು ಬಹಳ ಪ್ರಚಾರದಲ್ಲಿದೆ. ಅದನ್ನು ಹೇಳುವ ದಿನಚರಿಯ ಸಾಲುಗಳು ಅಚ್ಚಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮೂಲದ ಹಾಳೆಗಳು ಈಗ ಇಲ್ಲ. ಅದು ನಿಜವೆಂದು ವಾದಿಸುವ ವಿದ್ವಾಂಸರಿರುವಂತೆ ಯಾರೋ ಸೃಷ್ಟಿಸಿದ ಸಾಲುಗಳೆಂದು ಹೇಳುವವರೂ ಇದ್ದಾರೆ. ಇಂಥದನ್ನು ಬಿಟ್ಟುಬಿಡಬೇಕೆಂದು ನಾನು ಹೇಳುವುದಿಲ್ಲ. ಮೂಲ ಹಾಳೆ ಇಲ್ಲವೆಂಬುದನ್ನು ಅದೇ ವಾಕ್ಯದಲ್ಲಿ ಸೇರಿಸಿ ಬರೆದರೆ ಸಾಕು. ಚಿತ್ರಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಅಂತರಜಾಲದಲ್ಲಿ ಆ ಕಾಲದ ಹಡಗೆಂದು ಸಿಗುವ ಬಣ್ಣದ ಛಾಯಾಚಿತ್ರಗಳು ಈಚೆಗೆ ಕಟ್ಟಿದ ಪ್ರತಿಕೃತಿಗಳವು. 1620ರಲ್ಲಿ ಅಮೆರಿಕಕ್ಕೆ ಹೋದ ಮೇಫ್ಲವರ್‌ನದೆಂದು ಹಂಚಿಕೊಳ್ಳುವ ಚಿತ್ರದಲ್ಲಿರುವುದು 1957ರಲ್ಲಿ ಅಟ್ಲಾಂಟಿಕ್ ದಾಟಿದ ಎರಡನೆಯ ಮೇಫ್ಲವರ್.

ಊರಿನ ಹೆಸರುಗಳನ್ನು ಇಂಗ್ಲಿಷರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಭಟ್ಕಳ ಅವರ ಕಾಗದಗಳಲ್ಲಿ ಬಟ್ಟಕಲ, ಬಟಿಕಲ ಎಂದೆಲ್ಲ ಆಗಿದೆ. ಇಕ್ಕೇರಿಗೂ ನಾಲ್ಕಾರು ರೂಪಗಳಿವೆ. ಕಣ್ಣಿನಿಂದ ಓದದೆ ಬಾಯಿಬಿಟ್ಟು ಓದಿದರೆ ನಮ್ಮ ಊರುಗಳು ತಾವಾಗಿಯೇ ಕೇಳಿಸುತ್ತವೆ, ಮತ್ತು ಈ ಕೆಲಸವನ್ನು ಲಂಡನ್ನಿನ ವಿದ್ವಾಂಸನಿಗಿಂತ ಹೊಸನಗರದ ಹೈಸ್ಕೂಲು ಮೇಷ್ಟರು ಚೆನ್ನಾಗಿ ಮಾಡಬಲ್ಲರು. ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ, ಈಗಿನ ನಗರಕ್ಕೆ, ಹೋದದ್ದು 1639ರ ಸುಮಾರಿಗೆ. ಆದ್ದರಿಂದ ಅದಕ್ಕಿಂತ ಹಿಂದಿನ ಕಾಗದವೊಂದರಲ್ಲಿ ಬಿದನೂರಿನ ಆಸ್ಥಾನವೆಂದಿದ್ದರೆ ಅನುಮಾನಿಸಬೇಕು.

ನಮಗೆ ಹುಟ್ಟಿನಿಂದಲೇ ಬಂದಿರುವ ಇನ್ನೊಂದು ಅಳತೆಗೋಲು ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಆಗುಂಬೆಯಲ್ಲಿ ಮಳೆ ಹೇಗಿರುತ್ತದೆಂದು ಬಲ್ಲವರಿಗೆ ಆ ತಿಂಗಳುಗಳಲ್ಲಿ ಕೆಳಗಿನ ಕಡಲು ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ಹಾಯಿಹಡಗುಗಳು ಪಶ್ಚಿಮ ತೀರಕ್ಕೆ ಬರುತ್ತಿದ್ದುದು ಮಳೆ ಇಳಿಮುಖವಾದ ಮೇಲೆ. ಮುಂದಿನ ಮಳೆಗೆ ಮೊದಲು ಅವು ಹೋಗಿಬಿಡಬೇಕು. ಮೆಣಸು ಕೊಯ್ದು ಒಣಗಿಸಿ ಎತ್ತಿನ ಬೆನ್ನಿನ ಮೇಲೆ ಘಟ್ಟ ಇಳಿಸುವ ಕಾಲವೂ ಸುಗ್ಗಿಯ ನಂತರದ್ದೇ. ಜುಲೈನಲ್ಲಿ ಹಡಗೊಂದು ಹೊನ್ನಾವರದಲ್ಲಿ ಮೆಣಸು ತುಂಬಿಕೊಂಡಿತೆಂದು ಎಲ್ಲಾದರೂ ಕಂಡರೆ ತಾರೀಖು ತಪ್ಪಿದೆಯೆಂದೇ ಎಣಿಸಿ ಮತ್ತೆ ಹುಡುಕಬೇಕು. ಭಟ್ಕಳಕ್ಕೆ ಬಂದ ಗುಂಪಿನ ಮುಖ್ಯಸ್ಥ ವೆಡ್ಡೆಲ್‌ನ ಹಡಗುಗಳು 1636ರ ಏಪ್ರಿಲಿನಲ್ಲಿ ಇಂಗ್ಲೆಂಡ್ ಬಿಟ್ಟು, ಮಳೆ ಕಳೆದ ಮೇಲೆ ಅಕ್ಟೋಬರಿನಲ್ಲಿ ಗೋವೆಗೆ ಬಂದು, ಮುಂದಿನ ವರ್ಷದ ಆರಂಭದ ತಿಂಗಳುಗಳಲ್ಲಿ ಭಟ್ಕಳದಲ್ಲಿದ್ದವೆಂಬುದು ಈ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ.

ಇನ್ನು ಎರಡು ಡ್ರ್ಯಾಗನ್‌ಗಳ ಚೀಟಿಗಳನ್ನು ಅಕ್ಕಪಕ್ಕ ಇಡೋಣ. ಮೊದಲನೆಯದು ಕಂಪನಿಯದು. ಲ್ಯಾಂಕಾಸ್ಟರ್, ಹೆನ್ರಿ ಮಿಡಲ್‌ಟನ್, ಕೀಲಿಂಗ್, ಥಾಮಸ್ ಬೆಸ್ಟ್ ಅದನ್ನು ಒಬ್ಬರಾದ ಮೇಲೊಬ್ಬರು ನಡೆಸಿದರು. ಬೆಸ್ಟ್‌ನ ಕೈಯಲ್ಲಿ ಅದು ಹೊಸಿಯಾಂಡರ್ ಎಂಬ ಚಿಕ್ಕ ಹಡಗಿನೊಂದಿಗೆ ಸ್ವಾಲಿಯಲ್ಲಿ ಪೋರ್ಚುಗೀಸರ ನಾಲ್ಕು ದೊಡ್ಡ ಗ್ಯಾಲಿಯನ್‌ಗಳನ್ನು ಎದುರಿಸಿತು. 1616ರ ಮಾರ್ಚಿನಲ್ಲಿ ಕೀಲಿಂಗ್ ಕಲ್ಲಿಕೋಟೆಗೆ ಹೋಗಿ ಅಲ್ಲಿನ ದೊರೆ ಸಾಮೂದಿರಿಯೊಂದಿಗೆ ಒಪ್ಪಂದ ಮಾಡಿಕೊಂಡ. ಸೂರತ್ತಿನಿಂದ ಕಲ್ಲಿಕೋಟೆಗೆ ಹೋಗುವ ದಾರಿಯಲ್ಲಿ ಆ ಹಡಗು ಹೊನ್ನಾವರ, ಭಟ್ಕಳಗಳ ಎದುರಿನ ಕಡಲನ್ನು ದಾಟಿರಲೇಬೇಕು. ಇದು ನನ್ನ ಊಹೆ, ಚೀಟಿಯಲ್ಲೂ ಊಹೆಯೆಂದೇ ಬರೆದಿದ್ದೇನೆ. 1619ರ ಅಕ್ಟೋಬರಿನಲ್ಲಿ ಸುಮಾತ್ರದ ಟಿಕು ಎಂಬಲ್ಲಿ ಡಚ್ಚರ ಹಡಗುಗಳು ಅದರ ಮೇಲೆ ಬಿದ್ದವು. ಕೆಲವರು ಮುಳುಗಿತೆನ್ನುತ್ತಾರೆ, ಕೆಲವರು ಸೆರೆಯಾಯಿತೆನ್ನುತ್ತಾರೆ. ಕಂಪನಿಯ ಕೈಬಿಟ್ಟು ಹೋಯಿತೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ವಿಪರ್ಯಾಸವೆಂದರೆ ಇಂಗ್ಲಿಷರೂ ಡಚ್ಚರೂ ಜಗಳ ಬಿಡುವುದಾಗಿ ಅದೇ ವರ್ಷದ ನಡುವಿನಲ್ಲಿ ಲಂಡನ್ನಿನಲ್ಲಿ ಒಪ್ಪಂದ ಮಾಡಿಕೊಂಡಿದ್ದರು, ಆ ಸುದ್ದಿ ಪೂರ್ವದ ಕಡಲುಗಳಿಗೆ ತಲುಪುವಷ್ಟರಲ್ಲಿ 1620 ಬಂದಿತ್ತು.

ಎರಡನೆಯ ಡ್ರ್ಯಾಗನ್ ಕಂಪನಿಯದಲ್ಲ, ಕಂಪನಿಯ ಎದುರಾಳಿಗಳದು. ಸರ್ ವಿಲಿಯಂ ಕೋರ್ಟೀನ್ ಎಂಬ ಸಿರಿವಂತ ವರ್ತಕನ ಕೂಟಕ್ಕೆ ದೊರೆ ಒಂದನೆಯ ಚಾರ್ಲ್ಸ್ 1635ರಲ್ಲಿ ಅನುಮತಿ ಕೊಟ್ಟ. ಅದರ ಪರವಾಗಿ ಹಿಂದೆ ಕಂಪನಿಯಲ್ಲೇ ಕಪ್ತಾನನಾಗಿದ್ದ ಜಾನ್ ವೆಡ್ಡೆಲ್ ಡ್ರ್ಯಾಗನ್, ಸನ್, ಕ್ಯಾಥರೀನ್, ಪ್ಲಾಂಟರ್ ಎಂಬ ನಾಲ್ಕು ಹಡಗುಗಳನ್ನೂ ಎರಡು ಚಿಕ್ಕ ನೌಕೆಗಳನ್ನೂ ಕರೆದುಕೊಂಡು ಬಂದ. ಒಡೆಯ ಬೇರೆ, ಕಪ್ತಾನ ಬೇರೆ, ಕಾಲ ಬೇರೆ, ಕೊನೆಯೂ ಬೇರೆ. ಐದರಲ್ಲಿ ನಾಲ್ಕು ಕೂಡಲಿಲ್ಲ. ನಾನು ಸ್ಮರಣ ಸಂಚಿಕೆಗೆ ಬರೆಯುವ ಮೊದಲು ಹತ್ತು ನಿಮಿಷ ಈ ಚೀಟಿಗಳನ್ನು ಮಾಡಿದ್ದರೆ ಮೇಷ್ಟರಿಂದ ಹೇಳಿಸಿಕೊಳ್ಳಬೇಕಾಗಿರಲಿಲ್ಲ.

ಹಡಗಿನವರ ಮಾತನ್ನು ಮಾತ್ರ ಕೇಳಿದರೆ ಚರಿತ್ರೆ ಒಂದು ಬದಿಯದಾಗುತ್ತದೆ. ಘಟ್ಟದ ಮೇಲಿನ ಬದಿಗಾಗಿ ಕೆಳದಿಯ ವಸ್ತುಸಂಗ್ರಹಾಲಯ, ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿರುವ ಸಂಗ್ರಹ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಗ್ರಂಥಾಲಯ ಇವುಗಳಿಗೆ ಹೋಗಬೇಕು. ಲಿಂಗಣ್ಣ ಕವಿಯ ಕೆಳದಿನೃಪವಿಜಯವನ್ನು ಓದುವಾಗ ಅದರಲ್ಲಿ ಹಡಗಿನ ಹೆಸರನ್ನು ಹುಡುಕದೆ, ಯಾವ ನಾಯಕನ ಕಾಲದಲ್ಲಿ ಯಾವ ಬಂದರು ಯಾರ ಕೈಯಲ್ಲಿತ್ತು ಎಂಬುದಕ್ಕೆ ಗಮನ ಕೊಡಬೇಕು. ಇಂಗ್ಲಿಷರಿಗಿಂತ ಹದಿನಾಲ್ಕು ವರ್ಷ ಮೊದಲು, 1623ರಲ್ಲಿ, ವೆಂಕಟಪ್ಪನಾಯಕನ ಇಕ್ಕೇರಿಯನ್ನು ಕಂಡು ಬರೆದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯ ವಿವರಗಳೂ ಹೋಲಿಕೆಗೆ ಉಪಯೋಗಕ್ಕೆ ಬರುತ್ತವೆ. ಅವನು ಪರ್ಷಿಯದ ಕಡೆಯಿಂದ ಸೂರತ್ತಿಗೆ ಬಂದದ್ದು ವೇಲ್ ಎಂಬ ಇಂಗ್ಲಿಷ್ ಹಡಗಿನಲ್ಲೇ. ಗೆರಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಆ ಮೆಣಸಿನ ನಾಡು ಹದಿನೇಳನೆಯ ಶತಮಾನದ ಆರಂಭದಲ್ಲಿ ಕೆಳದಿಯವರ ಕೈಸೇರಿತ್ತು. ಕೋರ್ಟೀನರ ಜನ ಅನುಮತಿಗಾಗಿ ಭಟ್ಕಳದಲ್ಲೇ ನಿಲ್ಲದೆ ಇಕ್ಕೇರಿಯವರೆಗೆ ಹತ್ತಿ ಬಂದದ್ದೇಕೆಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. ಪೋರ್ಚುಗೀಸರ ಬದಿಗೆ ಪಣಜಿಯ ದಾಖಲೆ ಭಂಡಾರವಿದೆ. ಪೋರ್ಚುಗೀಸ್ ಬಲ್ಲವರೊಬ್ಬರು ಜೊತೆಗಿರದೆ ಅಲ್ಲಿಗೆ ಹೋಗಿ ದಿನ ಕಳೆಯುವುದರಿಂದ ಪ್ರಯೋಜನವಿಲ್ಲ.

ಬರೆಯಲು ಕುಳಿತಾಗ ಚೀಟಿಗಳನ್ನು ಕಾಲಕ್ರಮದಲ್ಲಿ ಜೋಡಿಸಿ, ಪ್ರತಿ ಯಾನಕ್ಕೂ ಹೊರಟದ್ದು, ತಂಗಿದ್ದು, ಕೊಂಡದ್ದು, ಮರಳಿದ್ದು ಎಂಬಷ್ಟನ್ನು ಮೊದಲು ಬರೆದು, ಆಮೇಲೆ ಕಥೆಯ ಭಾಗಗಳನ್ನು ತುಂಬುವುದು ಸುಲಭ. ತೂಕವನ್ನು ಹೇಳುವಾಗ ಮೂಲದಲ್ಲಿರುವ ಪೌಂಡ್ ಅಥವಾ ಖಂಡಿಯನ್ನು ಹಾಗೆಯೇ ಉಳಿಸಿ, ಈಗಿನ ಲೆಕ್ಕವನ್ನು ಪಕ್ಕದಲ್ಲಿ ಕೊಡಬೇಕು. ಖಂಡಿಯ ತೂಕ ಬಂದರಿನಿಂದ ಬಂದರಿಗೆ ಬೇರೆ. ಎರಡು ಮೂಲಗಳು ಹೊಂದಿಕೆಯಾಗದ ಕಡೆ ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವ ಬದಲು ಎರಡನ್ನೂ ಕೊಟ್ಟು, ಯಾವುದನ್ನು ಏಕೆ ಒಪ್ಪಿದಿರೆಂದು ಹೇಳಿದರೆ ಮುಂದೆ ಓದುವವರು ತಿದ್ದಲು ದಾರಿಯಿರುತ್ತದೆ.

ಭಟ್ಕಳಕ್ಕೆ ಬಂದ ಡ್ರ್ಯಾಗನ್‌ನ ಕೊನೆಯ ಚೀಟಿ ಚಿಕ್ಕದು. ಅದು ಇಲ್ಲಿಂದ ಚೀನಾದ ಕಡೆಗೆ ಹೋಗಿ 1637ರಲ್ಲಿ ಮಕಾವ್ ತಲುಪಿತು, ಮತ್ತೆ ಮಲಬಾರಿನ ತೀರಕ್ಕೆ ಮರಳಿತು. ಮಂಡಿ ಸನ್ ಹಡಗಿನಲ್ಲಿ 1638ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ಸೇರಿದ. 1639ರಲ್ಲಿ ಡ್ರ್ಯಾಗನ್ ಮತ್ತು ಕ್ಯಾಥರೀನ್ ವೆಡ್ಡೆಲ್‌ನೊಂದಿಗೆ ಊರಿಗೆ ಹೊರಟವು, ಆಮೇಲೆ ಅವುಗಳನ್ನು ಕಂಡವರಿಲ್ಲ.